ಮೂರು ಎಣಿಸುವಷ್ಟು ಹೊತ್ತು

ಒಂದು, ಎರಡು ಅಂತ ಮನಸ್ಸಿನಲ್ಲೇ ಎಣಿಸುತ್ತಾ ಮೂರಕ್ಕೆ ಬರುವ ಹೊತ್ತಿಗೆ, ತಾನು ಎತ್ತಿ ಹಿಡಿದಿರುವುದು ಏನು ಅನ್ನುವುದು ಟೇಬಲಕ್ಕನಿಗೆ ಹೊಳೆಯಿತು. ಅಂಗೈ ತುಂಬುವಷ್ಟು ದೊಡ್ಡದು, ಮೈಬಣ್ಣದ್ದು, ಮೆತ್ತಗೆ, ತಣ್ಣಗೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತುಸು ತಗ್ಗು. ತರಬೇತಿಯ ಪುಸ್ತಕದಲ್ಲಿ ಯಾವತ್ತೋ ಇದರ ಚಿತ್ರ ನೋಡಿದ್ದಳು. ಕಾಯಿಲೆ ಬಂದು ಎದೆ ತೆಗೆಸಿಕೊಂಡ ಹೆಂಗಸರು ಒಳಉಡುಪಿನೊಳಗೆ ಇಟ್ಟುಕೊಳ್ಳುವ ಸಿಲಿಕೋನಿನ ಎದೆ. ಅದನ್ನು ಅವಳು ತಲೆಗಿಂತ ಮೇಲೆ, ಕ್ಯಾಮೆರಾದ ಬಿಳಿ ದೀಪಕ್ಕೆ ನೇರವಾಗಿ, ಸಂತೆಯಲ್ಲಿ ಹಣ್ಣು ಕೂಗಿ ಮಾರುವವಳ ಹಾಗೆ ಎತ್ತಿ ಹಿಡಿದಿದ್ದಳು.

ಜೊತೆಗೆ ಮಾತೂ ಆಡಿಯಾಗಿತ್ತು. "ಏನ್ರೀ ಇದು, ಇಷ್ಟು ಮೆತ್ತಗಿದೆ? ದಾರೀಲಿ ಕರಗಿಹೋಗಲ್ಲ ತಾನೇ?" ಅಂತ, ಟೀವಿಯವರಿಗೆ ಇಷ್ಟವಾಗುವ ಆ ನಗು ಬೆರೆಸಿ ಕೇಳಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೇಜಿನ ಆಚೆ ನಿಂತಿದ್ದವರು ಐವತ್ತರ ಆಸುಪಾಸಿನ ಹೆಂಗಸು. ಅಗಲ ಭುಜ, ಗಿಡ್ಡವಾಗಿ ಕತ್ತರಿಸಿದ ನರೆಗೂದಲು. ನೀಲಿ ಜಾಕೆಟ್ಟಿನ ಮೇಲೆ ಒಂದು ಈಜು ಕ್ಲಬ್ಬಿನ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ 'ತರಬೇತುದಾರರು' ಎಂದು. ಅವರು ಕೂಗಲಿಲ್ಲ, ಕೈ ಚಾಚಿ ಕಿತ್ತುಕೊಳ್ಳಲೂ ಇಲ್ಲ. ಮೊದಲು ಕತ್ತು ತಿರುಗಿಸಿ ಪಕ್ಕದ ಬೆಂಚು ನೋಡಿದರು. ಅಲ್ಲಿ ಅವರ ಜೊತೆ ಬಂದಿದ್ದ, ಅದೇ ನೀಲಿ ಜಾಕೆಟ್ಟಿನ ದಪ್ಪ ಮನುಷ್ಯ ಹೊಟ್ಟೆಗೆ ಮಂಡಿ ಒತ್ತಿಕೊಂಡು ಉಸಿರು ಬಿಡುತ್ತಾ ಬೂಟಿನ ದಾರ ಕಟ್ಟುತ್ತಿದ್ದ. ಅವನು ತಲೆ ಎತ್ತಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಮೇಡಂ ಈ ಕಡೆ ತಿರುಗಿದರು.

"ಅದು ನನ್ನದು," ಅಂದರು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ಈಜುವಾಗ ಹಾಕ್ಕೊಳ್ಳೋದು. ಕೆಳಗಿಡಿ."

ಟೇಬಲಕ್ಕನ ಕೈ ತಾನಾಗಿಯೇ ಇಳಿಯಿತು. ಅದನ್ನು ಬಟ್ಟೆಯ ಚೀಲದೊಳಗೆ ಸೇರಿಸಿ, ಬ್ಯಾಗಿನ ತಳಕ್ಕೆ ಇಟ್ಟಳು.

"ಅಕ್ಕಾ, ಇನ್ನೊಂದ್ಸಲ ಎತ್ತಿ," ಕ್ಯಾಮೆರಾದ ಹಿಂದಿನಿಂದ ನಿರ್ದೇಶಕ ಕೂಗಿದ. "ದೀಪ ಸರಿಯಾಗಿ ಬಿದ್ದಿಲ್ಲ."

"ಪರೀಕ್ಷೆ ಮುಗೀತು ಸಾರ್," ಅಂದಳು ಟೇಬಲಕ್ಕ. ಬ್ಯಾಗಿನ ಜಿಪ್ಪು ಎಳೆದಳು. ಎಳೆದವಳೇ, ದಿನಕ್ಕೆ ಮೂವತ್ತು ಸಲ ಮಾಡಿ ಮಾಡಿ ಕೈಗೆ ಅಂಟಿಹೋದ ಚಾಳಿ ನೋಡಿ, ಕಾಗದ ಸಿಕ್ಕಿಸಿದ ಹಲಗೆಯನ್ನೂ ಪೆನ್ನನ್ನೂ ಮೇಡಂ ಮುಂದೆ ತಳ್ಳಿದಳು. "ಇಲ್ಲೊಂದು ಸಹಿ, ಇಲ್ಲೊಂದು."

ಮೇಡಂ ಓದಲಿಲ್ಲ. ಅಲ್ಲಿಂದ ಹೊರಟರೆ ಸಾಕಾಗಿತ್ತು ಅವರಿಗೆ. ಎರಡು ಕಡೆಯೂ ಗೀಚಿ, ಬ್ಯಾಗು ಹೆಗಲಿಗೇರಿಸಿ ನಡೆದರು. ಅಷ್ಟರಲ್ಲಿ ಬೂಟು ಗೆದ್ದ ದಪ್ಪ ಮನುಷ್ಯ ಓಡಿಬಂದ. ಅವನು ಕ್ಲಬ್ಬಿನ ಕಾರ್ಯದರ್ಶಿ.

"ನಂದೂ ತಗೊಂಡ್ರಾ ಕ್ಯಾಮೆರಾದಲ್ಲಿ? ನನಗೂ ಒಂದು ಕಾಗದ ಕೊಡಿಯಮ್ಮಾ!" ಅಂದವನು ಉದ್ದಕ್ಕೆ ಬಾಲ ಎಳೆದು ಸಹಿ ಹಾಕಿ, ಕ್ಯಾಮೆರಾಕ್ಕೆ ಕೈಬೀಸಿ ಹೋದ.

ಟೇಬಲಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹದಿನಾಲ್ಕು ವರ್ಷ ದುಡಿದವಳು ಅವಳು. ಎಕ್ಸ್-ರೇ ಪರದೆಯ ಮುಂದೆ ಕೂತವನಿಗೆ ಅನುಮಾನ ಬಂದ ಬ್ಯಾಗುಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಬಿಚ್ಚುವುದು, ನೋಡುವುದು, ಮಡಿಸಿ ಮತ್ತೆ ಇಡುವುದು. ಮೂರು ತಿಂಗಳ ಹಿಂದೆ ಟೀವಿಯವರು ಬಂದು, ಇಲ್ಲಿ ನಡೆಯುವುದನ್ನೆಲ್ಲ ತೆಗೆದು ವಾರಕ್ಕೊಮ್ಮೆ ತೋರಿಸಲು ಶುರುಮಾಡಿದ ಮೇಲೆ, ಅವಳ ಮಾತು ಕೇಳಿ ನಿರ್ದೇಶಕ ಮಾರುಹೋದ. ಯಾರ ಜೊತೆ ಬೇಕಾದರೂ ಹರಟುವವಳು. ಬ್ಯಾಗಿನಲ್ಲಿ ಎಂಟು ಜೊತೆ ಚಪ್ಪಲಿ ಕಂಡರೆ "ಕಾಲು ಎಷ್ಟಿವೆ ಸ್ವಾಮೀ?" ಅನ್ನುವವಳು. ಮೊದಲ ಕಂತಿನಲ್ಲೇ ಪರದೆಯ ಕೆಳಗೆ 'ಟೇಬಲಕ್ಕ' ಅಂತ ಬಂತು. ಅಲ್ಲಿಂದಾಚೆಗೆ ಸಹೋದ್ಯೋಗಿಗಳೂ ಹಾಗೆಯೇ ಕರೆದರು.

ಮೂರು ಎಣಿಸುವುದನ್ನು ಕಲಿಸಿಕೊಟ್ಟವನೂ ಆ ನಿರ್ದೇಶಕನೇ. "ಬ್ಯಾಗಿನೊಳಗೆ ಏನು ಸಿಕ್ಕಿದ್ರೂ ಎತ್ತಿ ಹಿಡೀರಿ ಅಕ್ಕಾ. ಮೂರು ಎಣಿಸೋಷ್ಟು ಹೊತ್ತು. ಜೊತೆಗೇ ಮಾತಾಡಿ. ನೋಡೋರಿಗೆ ಅಷ್ಟು ಬೇಕು." ಕಾಗದದ ಉಪಾಯವೂ ಅವನದೇ. ಮೊದಲು ಅವನ ಕಡೆಯವರೇ ಪ್ರಯಾಣಿಕರ ಹಿಂದೆ ಓಡಿ ಒಪ್ಪಿಗೆ ಕೇಳುತ್ತಿದ್ದರು. ಹತ್ತರಲ್ಲಿ ಎಂಟು ಜನ ಆಗಲ್ಲ ಹೋಗಯ್ಯ ಅನ್ನುತ್ತಿದ್ದರು. ಒಂದು ದಿನ ಜನ ಸಾಲದೆ ಕಾಗದವನ್ನು ಟೇಬಲಕ್ಕನ ಕೈಯಿಂದ ಕೊಡಿಸಿದಾಗ, ಹತ್ತಕ್ಕೆ ಹತ್ತೂ ಜನ ಸಹಿ ಹಾಕಿದರು. ಅಂದಿನಿಂದ ತಪಾಸಣೆಯ ಚೀಟಿಯ ಕೆಳಗೇ ಟೀವಿಯವರ ಒಪ್ಪಿಗೆ ಪತ್ರವನ್ನೂ ಸಿಕ್ಕಿಸುವುದು ರೂಢಿಯಾಯಿತು. ಸಮವಸ್ತ್ರ ಹಾಕಿದವಳು ಪೆನ್ನು ಕೊಟ್ಟರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಟೇಬಲಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ ಅಂದರೆ ಸುಳ್ಳು. ಯೋಚನೆ ಬಂದಾಗ ಮುಂದಿನ ಬ್ಯಾಗು ಬರುತ್ತಿತ್ತು, ಅಷ್ಟೆ.

ಹನ್ನೊಂದು ಗಂಟೆಯ ಬಿಡುವಿನಲ್ಲಿ ನಿರ್ದೇಶಕ ತಾನೇ ಎರಡು ಕಪ್ಪು ಕಾಫಿ ಹಿಡಿದು ಬಂದ. ಒಳ್ಳೆಯ ಮನುಷ್ಯ, ದುರಹಂಕಾರ ಇಲ್ಲದವನು. ಅದೇ ಕಷ್ಟವಾದದ್ದು.

"ಅಕ್ಕಾ, ಈ ಸಲದ ಮುಖ್ಯ ತುಣುಕು ಅದೇ. ನಾನು ಹದಿನೈದು ದಿನದಿಂದ ಇಂಥದ್ದಕ್ಕೆ ಕಾಯ್ತಿದ್ದೆ."

"ಅದು ಬೇಡ ಸಾರ್. ತೆಗೆದುಬಿಡಿ."

"ಯಾಕೆ? ಕೆಟ್ಟದಾಗಿ ತೋರಿಸ್ತೀನಾ ನಾನು? ಹಿನ್ನೆಲೇಲಿ ಮೆಲ್ಲಗೆ ಸಂಗೀತ ಹಾಕ್ತೀನಿ. ನೋಡಿದ ಹೆಂಗಸರೆಲ್ಲ ನಾಳೆನೇ ಹೋಗಿ ಪರೀಕ್ಷೆ ಮಾಡಿಸ್ಕೊಳ್ತಾರೆ. ಪುಣ್ಯದ ಕೆಲಸ."

"ಪುಣ್ಯ ಮಾಡೋದಿದ್ರೆ ಅವರನ್ನ ಕೇಳಿ ಮಾಡಬೇಕಲ್ವಾ?"

"ಕೇಳಿದೀವಲ್ಲ. ಸಹಿ ಇದೆಯಲ್ಲ." ಕಾಫಿ ಗುಟುಕರಿಸಿ ನಕ್ಕ. "ನೀವೇ ಹಾಕಿಸಿದ್ರಿ."

ಆ ಮಾತು ಕಡ್ಡಿ ಮುರಿದ ಹಾಗೆ ಬಂದು ಬಿತ್ತು. ಹಲಗೆ ಇನ್ನೂ ಅವಳ ಮೇಜಿನ ಮೇಲೇ ಇತ್ತು. ಪಾಳಿ ಮುಗಿದ ಮೇಲೆ ಕಟ್ಟು ಕಟ್ಟಿ ಅವನಿಗೆ ಕೊಡುವುದು ವಾಡಿಕೆ. ಹರಿದು ಹಾಕಿದರೇನು ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಸಹಿ ಹಾಕುವುದನ್ನೂ ಕ್ಯಾಮೆರಾ ತೆಗೆದಿತ್ತು, ಯಾವಾಗಲೂ ತೆಗೆಯುತ್ತಿತ್ತು. ಟೇಬಲಕ್ಕ ಆ ಕಾಗದ ಬಿಡಿಸಿಕೊಂಡು, ಹಲಗೆಯನ್ನೂ ಎತ್ತಿಕೊಂಡು, ಊಟದ ಕೋಣೆಯ ಮೂಲೆಯಲ್ಲಿ ಕೂತು, ಕನ್ನಡಕ ಹಾಕಿ ಓದಿದಳು. ಸಾವಿರಾರು ಜನರ ಮುಂದೆ ತಳ್ಳಿದ ಕಾಗದ, ತಾನು ಓದುತ್ತಿರುವುದು ಇದೇ ಮೊದಲು. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಏಳು ದಿನದೊಳಗೆ ಬರೆದುಕೊಟ್ಟರೆ ಒಪ್ಪಿಗೆಯನ್ನು ವಾಪಸು ಪಡೆಯಬಹುದು, ಕಾರಣ ಹೇಳಬೇಕಾಗಿಲ್ಲ ಅಂತ ಇತ್ತು. ಅವಳು ಗಡಿಯಾರ ನೋಡಿದಳು. ಬಿಡುವಿಗೆ ಹದಿನೆಂಟು ನಿಮಿಷ ಉಳಿದಿತ್ತು. ಟೋಪಿ ಸರಿಮಾಡಿಕೊಂಡು, ವಿಮಾನ ಹತ್ತುವ ಬಾಗಿಲುಗಳ ಕಡೆ ನಡೆದಳು.

ಒಂಬತ್ತನೇ ಬಾಗಿಲ ಮುಂದೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಕಾರ್ಯದರ್ಶಿ ದೂರದಿಂದಲೇ ಗುರುತು ಹಿಡಿದ.

"ಓಹೋ, ನಮ್ಮ ಟೇಬಲಕ್ಕ! ಯಾವತ್ತು ಬರುತ್ತಮ್ಮಾ ನಮ್ಮದು? ಹೆಂಡ್ತಿಗೆ ಆಗಲೇ ಫೋನ್ ಮಾಡಿ ಹೇಳ್ಬಿಟ್ಟೆ. ಅವತ್ತು ಕ್ಲಬ್ಬಿನ ಹಾಲಲ್ಲಿ ದೊಡ್ಡ ಪರದೆ ಹಾಕಿಸೋಣ ಅಂತಿದೀನಿ. ಅಪ್ಪ ಅಮ್ಮ ಮಕ್ಕಳು, ಎಲ್ರನ್ನೂ ಕರೆಯೋದು. ಏನ್ ಮೇಡಂ?"

ಮೇಡಂ ಅವನ ಕಡೆ ತಿರುಗಲಿಲ್ಲ. ಅವರ ಕಣ್ಣು ಟೇಬಲಕ್ಕನ ಕೈಯಲ್ಲಿದ್ದ ಕಾಗದದ ಮೇಲಿತ್ತು.

"ಮೇಡಂ ಅವರದ್ದು ಒಂದು ಚೀಟಿ ಸರಿಯಾಗಿ ತುಂಬಿಲ್ಲ ಸಾರ್," ಅಂದಳು ಟೇಬಲಕ್ಕ. "ಎರಡೇ ನಿಮಿಷ ಈ ಕಡೆ ಬಂದ್ರೆ..."

"ನಂದು?"

"ನಿಮ್ಮದು ಪಕ್ಕಾ ಇದೆ."

"ನೋಡಿದ್ರಾ ಮೇಡಂ? ನಾನು ಯಾವತ್ತೂ ಪೂರ್ತಿ ಓದಿಯೇ ಸಹಿ ಹಾಕೋನು," ಅಂತ ಕಾರ್ಯದರ್ಶಿ ಕಾಲ ಮೇಲೆ ಕಾಲು ಹಾಕಿಕೊಂಡ.

ಕುಡಿಯುವ ನೀರಿನ ನಲ್ಲಿಯ ಪಕ್ಕ, ಕಂಬದ ಮರೆಯಲ್ಲಿ ಇಬ್ಬರೂ ನಿಂತರು. ಟೇಬಲಕ್ಕ ಕಾಗದ ಕೊಟ್ಟಳು.

"ನೀವು ಎರಡು ಸಹಿ ಹಾಕಿದ್ರಿ ಮೇಡಂ. ಒಂದು ತಪಾಸಣೆಗೆ. ಇದು ಟೀವಿಯವರದ್ದು. ನಿಮ್ಮನ್ನ ತೋರಿಸಬಹುದು ಅಂತ ಒಪ್ಪಿಗೆ."

ಮೇಡಂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರು. ಹಿಂಬದಿ ತಿರುಗಿಸಿ ಅದನ್ನೂ ಓದಿದರು. ಅವರು ಓದುವಷ್ಟು ಹೊತ್ತೂ ಟೇಬಲಕ್ಕ ನಲ್ಲಿಯಿಂದ ತೊಟ್ಟಿಕ್ಕುವ ನೀರು ನೋಡುತ್ತಾ ನಿಂತಳು.

"ಎರಡೂ ನಿಮ್ಮದೇ ಅಂದ್ಕೊಂಡೆ."

"ಎಲ್ರೂ ಹಾಗೇ ಅಂದ್ಕೋತಾರೆ ಮೇಡಂ."

"ಹಾಗೆ ಅಂದ್ಕೊಳ್ಳಲಿ ಅಂತಾನೇ ಕೊಡೋದಾ?"

ಟೇಬಲಕ್ಕನ ಬಾಯಲ್ಲಿ ಹತ್ತು ಉತ್ತರಗಳಿದ್ದವು. ಮೇಲಿನವರು ಹೇಳಿದ್ದು, ನನಗೇನು ಗೊತ್ತು, ಎಲ್ಲ ಕಡೆ ಹೀಗೇ. ಹದಿನಾಲ್ಕು ವರ್ಷ ಜನರ ಬ್ಯಾಗು ನೋಡಿದವಳಿಗೆ ಇಂಥ ಉತ್ತರಗಳ ಬೆಲೆ ಗೊತ್ತಿತ್ತು. "ಹೂಂ," ಅಂದಳು.

ಮೇಡಂ ಕಂಬಕ್ಕೆ ಒರಗಿದರು. ಆಮೇಲೆ, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ ಅಲ್ಲ, ತಮಗೆ ತಾವೇ ಅನ್ನುವ ಹಾಗೆ ಮಾತಾಡಿದರು. "ಐದು ವರ್ಷ ಆಯ್ತು. ಬೆನ್ನುನೋವು ಅಂತ ಹೇಳಿ ನಾಲ್ಕು ತಿಂಗಳು ರಜಾ ಹಾಕಿದ್ದೆ. ನನ್ನ ಅಕ್ಕನಿಗೆ ಗೊತ್ತು. ಡಾಕ್ಟರಿಗೆ ಗೊತ್ತು. ಇವರಿಗೆಲ್ಲ ಗೊತ್ತಾದ್ರೆ ಕೆಟ್ಟ ಮಾತೇನೂ ಆಡಲ್ಲ. ಆಡಿದ್ರೆ ಜಗಳವಾದ್ರೂ ಆಡಬಹುದಿತ್ತು. 'ಪಾಪ ಮೇಡಂ, ನೀವು ಇನ್ನು ನೀರಿಗೆ ಇಳೀಬೇಡಿ, ದಡದಲ್ಲಿ ಕೂತು ಹೇಳ್ಕೊಡಿ' ಅಂತಾರೆ. ಒಂದು ಕುರ್ಚಿ ಹಾಕ್ತಾರೆ. ಕುರ್ಚಿ ಆದ್ಮೇಲೆ ಸನ್ಮಾನ. ಸನ್ಮಾನ ಆದ್ಮೇಲೆ ಮನೆ." ಅವರು ಕಂಬದಿಂದ ಬೆನ್ನು ಎತ್ತಿದರು. "ನನಗೆ ನೀರು ಬೇಕು."

"ಹಿಂದುಗಡೆ ಇದೆ ನೋಡಿ. ಬರೆದುಕೊಟ್ರೆ ವಾಪಸ್ ತಗೋಬಹುದು."

"ಕಾರಣ?"

"ಹೇಳಬೇಕಾಗಿಲ್ಲ ಅಂತಿದೆ."

ಟೇಬಲಕ್ಕ ಬೆನ್ನು ಬಗ್ಗಿಸಿ ಹಲಗೆ ಒಡ್ಡಿದಳು. ಮೇಡಂ ಎರಡು ಸಾಲು ಬರೆದು, ತಾರೀಕು ಹಾಕಿ, ಈ ಸಲ ಅಕ್ಷರ ಅಕ್ಷರವಾಗಿ ಸಹಿ ಮಾಡಿದರು. ಮಾಡಿದವರೇ ಪೆನ್ನಿನ ತುದಿಯನ್ನು ಮುಂದಿನ ಸಾಲಿನ ಮೇಲೆ ಇಟ್ಟರು. "ಇಲ್ಲಿ ನೋಡಿ. ಒಪ್ಪಿಗೆ ಇಲ್ಲದಿದ್ರೆ ಮುಖ ಮಸುಕು ಮಾಡಿ ತೋರಿಸಬಹುದು. ಪಕ್ಕದಲ್ಲೇ ನಮ್ಮ ಕಾರ್ಯದರ್ಶಿ ಹಲ್ಲು ಬಿಟ್ಕೊಂಡು ಕೈಬೀಸ್ತಿದ್ರೆ, ಆ ಮಸುಕು ಮುಖ ಯಾರದ್ದು ಅಂತ ನಮ್ಮ ಕ್ಲಬ್ಬಿನ ಮಗುವಿಗೂ ಗೊತ್ತಾಗುತ್ತೆ."

ಟೇಬಲಕ್ಕನಿಗೆ ಅದು ಹೊಳೆದಿರಲಿಲ್ಲ. "ನಾನು ನೋಡ್ತೀನಿ ಮೇಡಂ."

"ಏನು ನೋಡ್ತೀರಿ?"

"ಗೊತ್ತಿಲ್ಲ."

ವಿಮಾನ ಹತ್ತುವವರನ್ನು ಕರೆಯುವ ದನಿ ಮೇಲಿನಿಂದ ಕೇಳಿಸಿತು. ಆ ಕಡೆ ಕಾರ್ಯದರ್ಶಿ ಎದ್ದು ನಿಂತು, ಸಾಲಿನಲ್ಲಿ ಮೊದಲಿಗರಾಗಬೇಕೆಂದು ಕೈಸನ್ನೆ ಮಾಡುತ್ತಿದ್ದ. ಮೇಡಂ ಬ್ಯಾಗು ಎತ್ತಿಕೊಂಡರು. ಉಪಕಾರವಾಯಿತು ಅನ್ನಲಿಲ್ಲ. ಎರಡು ಹೆಜ್ಜೆ ಹೋದವರು ನಿಂತರು.

"ಅದನ್ನ ಎತ್ತಿ ಹಿಡಿದಾಗ ನೀವು ನಗ್ತಿದ್ರಿ," ಅಂದರು. ಅಂದು ಹೊರಟುಹೋದರು.

ನಿರ್ದೇಶಕ ಕಾಗದ ನೋಡಿ ಬೇಸರ ಮಾಡಿಕೊಂಡ, ಕೋಪಿಸಿಕೊಳ್ಳಲಿಲ್ಲ. ಎಕ್ಸ್-ರೇ ಯಂತ್ರದ ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಅವನ ಸಾಮಾನು ಹರಡಿತ್ತು. "ಆಯ್ತು, ಅವರ ಮುಖ ಮಸುಕು ಮಾಡ್ತೀನಿ. ಜಾಕೆಟ್ಟಿನ ಹೆಸರೂ ಅಳಿಸ್ತೀನಿ. ಆದ್ರೆ ತುಣುಕು ಬಿಡಕ್ಕಾಗಲ್ಲ ಅಕ್ಕಾ. ಬನ್ನಿ, ನೀವೇ ನೋಡಿ."

ಪುಟ್ಟ ಪರದೆಯ ಮೇಲೆ ಅವಳೇ ಇದ್ದಳು. ಕೈ ಮೇಲೆ, ಬಾಯಲ್ಲಿ ನಗು. ಒಂದು. ಎರಡು. ಮೂರಕ್ಕೆ, ಬಟ್ಟೆ ಹಿಂಡಿದ ಹಾಗೆ, ಮುಖದಿಂದ ನಗು ಇಳಿದುಹೋಯಿತು. ಕಣ್ಣು ಮಾತ್ರ ಉಳಿಯಿತು. ತನ್ನ ಮುಖದಲ್ಲಿ ಅಂಥದ್ದೊಂದು ಇದೆ ಅಂತ ಟೇಬಲಕ್ಕನಿಗೇ ಗೊತ್ತಿರಲಿಲ್ಲ.

"ನೋಡಿದ್ರಾ?" ನಿರ್ದೇಶಕನ ದನಿ ಮೆತ್ತಗಾಗಿತ್ತು. "ಅವರು ಬೇಕಾಗಿಯೇ ಇಲ್ಲ. ನಿಮ್ಮ ಮುಖವೇ ಸಾಕು. ಇಂಥದ್ದನ್ನ ಯಾರೂ ನಟಿಸಕ್ಕಾಗಲ್ಲ."

"ನನ್ನ ಮುಖಾನೂ ಬೇಡ ಅಂದ್ರೆ?"

"ನೀವು ಮೊದಲೇ ಬರೆದುಕೊಟ್ಟಿದೀರಲ್ಲ, ಸಿಬ್ಬಂದಿ ಎಲ್ಲ."

"ಸಿಬ್ಬಂದಿ ಯಾವಾಗ ಬೇಕಾದ್ರೂ ವಾಪಸ್ ತಗೋಬಹುದು. ನಿಮ್ಮ ಕಾಗದದ ಕೊನೇಲಿ ಇದೆ. ಈಗ್ತಾನೆ ಓದ್ದೆ."

ಅವನು ಕುರ್ಚಿ ತಿರುಗಿಸಿ ಅವಳನ್ನು ನೋಡಿದ. "ಅದು ಒಂದು ತುಣುಕಿಗೆ ಆಗಲ್ಲ ಅಕ್ಕಾ. ವಾಪಸ್ ಅಂದ್ರೆ ಪೂರ್ತಿ. ಈಗಾಗ್ಲೇ ಬಂದಿರೋದೂ, ಮುಂದೆ ಬರೋದೂ. ಬರೋ ವಾರದ್ದು ಪೂರ್ತಿ ನಿಮ್ಮ ಮೇಲೇ ಮಾಡಿದೀನಿ ನಾನು. ನಿಮ್ಮ ಮನೆ, ನಿಮ್ಮ ಅತ್ತೆ ಮಾತಾಡಿದ್ದು, ಎಲ್ಲ ಇದೆ."

"ನನ್ನ ಮುಖ ಇಲ್ಲ, ಅವರ ಮುಖ ಇಲ್ಲ ಅಂದ್ರೆ ಇವತ್ತಿನ ತುಣುಕು ಹಾಕ್ತೀರಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎರಡು ಮಸುಕು ಮುಖ, ಒಂದು ಬ್ಯಾಗು. ಯಾರು ನೋಡ್ತಾರೆ? ಬಿಸಾಕ್ತೀನಿ."

ಅವಳು ಪೆನ್ನು ಕೇಳಿದಳು. ಬರೆಯುತ್ತಿರುವಾಗ ಅವನು ಕೇಳಿದ, "ಅವರು ನಿಮಗೆ ಏನಾಗಬೇಕು ಅಕ್ಕಾ?"

"ಏನೂ ಆಗಬೇಕಾಗಿಲ್ಲ."

ಸಂಜೆ ಪಾಳಿ ಮುಗಿಸುವ ಮೊದಲೇ ಮೇಲಧಿಕಾರಿ ಕರೆಸಿದ. ಅವನಿಗೂ ಕಷ್ಟವಿತ್ತು ಪಾಪ, ದೊಡ್ಡವರ ಮುಂದೆ ಟೇಬಲಕ್ಕನ ಹೆಸರು ಹೇಳಿಯೇ ಎದೆಯುಬ್ಬಿಸಿ ಓಡಾಡಿದವನು. "ಏನಮ್ಮಾ ಇದು, ಕೂಸು ಎತ್ತಿ ಆಡಿಸಿ ಆಡಿಸಿ ಕೊನೆಗೆ ತಿಪ್ಪೇಲಿ ಹಾಕಿದ ಹಾಗೆ? ಕಾರಣ ಆದ್ರೂ ಹೇಳು."

"ಕಾರಣ ಹೇಳಬೇಕಾಗಿಲ್ಲ ಅಂತ ಕಾಗದದಲ್ಲೇ ಇದೆ ಸಾರ್."

"ಕಾಗದ ಓದೋಕೆ ಶುರು ಮಾಡಿದ್ದು ಯಾವಾಗಿಂದ?" ಅಂದ ಅವನು. "ಸರಿ. ಮೇಜಿನ ಹತ್ತಿರ ಕ್ಯಾಮೆರಾ ಇರುತ್ತೆ. ಮುಖ ಬೇಡ ಅನ್ನೋರನ್ನ ಅಲ್ಲಿ ನಿಲ್ಲಿಸಕ್ಕಾಗಲ್ಲ. ಸೋಮವಾರದಿಂದ ನಿನ್ನನ್ನ ಬೇರೆ ಕಡೆ ಹಾಕ್ತೀನಿ." ಹದಿನಾಲ್ಕು ವರ್ಷದ ಮೇಜು ಹೀಗೆ ಒಂದು ಮಾತಿನಲ್ಲಿ ಹೋಯಿತು.

ಇದಕ್ಕಿಂತ ಕಷ್ಟ ಮನೆಯಲ್ಲಿತ್ತು. ಮನೆ ಅಂದರೆ ಅವಳು ಮತ್ತು ಅತ್ತೆ, ಇಬ್ಬರೇ. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ಸಲ ಬಂದು ಎಲ್ಲದಕ್ಕೂ ಉಪ್ಪು ಕಮ್ಮಿ ಅಂತ ಹೇಳಿ ಹೋಗುವವನು. ಎಪ್ಪತ್ತು ದಾಟಿದ ಅತ್ತೆಗೆ ಮೂರು ತಿಂಗಳಿಂದ ಬದುಕಿನಲ್ಲಿ ಹೊಸ ರುಚಿ ಹತ್ತಿತ್ತು. ಕಂತು ಬರುವ ದಿನ ಅಕ್ಕಪಕ್ಕದ ನಾಲ್ಕು ಮನೆಯ ಹೆಂಗಸರು ಬಂದು ಕೂರುತ್ತಿದ್ದರು. "ನಿನ್ನ ಮೂಗು ಟೀವೀಲಿ ಎಷ್ಟು ಚೆಂದ ಕಾಣುತ್ತೆ ಕಣೇ. ಮನೇಲಿ ಯಾಕೋ ಹಾಗೆ ಕಾಣಲ್ಲ," ಅನ್ನುತ್ತಿದ್ದರು ಅತ್ತೆ. ಮನೆಗೆ ಕ್ಯಾಮೆರಾ ಬಂದ ದಿನ ಅವರು ಮೂರು ಸೀರೆ ಬದಲಾಯಿಸಿದ್ದರು.

ಟೇಬಲಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದವಳು ನಿಂತಲ್ಲೇ ಹೇಳಿಬಿಟ್ಟಳು. ಬರುವ ವಾರದ್ದು ಬರುವುದಿಲ್ಲ, ಹಿಂದಿನದ್ದರಲ್ಲೂ ತನ್ನ ಮುಖ ಅಳಿಸುತ್ತಾರೆ, ತಾನೇ ಬರೆದುಕೊಟ್ಟೆ ಅಂತ. ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಕೈ ನಿಂತಿತು.

"ನಂದು? ನಾನು ಮಾತಾಡಿದ್ದು?"

"ಅದೂ ಬರಲ್ಲ ಅತ್ತೆ."

"ನಿನ್ನ ಗಂಡ ಚಿಕ್ಕೋನಿದ್ದಾಗ ಕಳೆದುಹೋದ ಕತೆ ನಾನು ಹೇಳಿದ್ನಲ್ಲ, ಆ ನಿರ್ದೇಶಕ ಕಣ್ಣು ಒರೆಸ್ಕೊಂಡ."

"ಗೊತ್ತು ಅತ್ತೆ."

"ಯಾಕೆ ಬೇಡ ಅಂದೆ?"

"ಒಬ್ಬರಿಗೆ ತೊಂದ್ರೆ ಆಗ್ತಿತ್ತು. ನನ್ನ ಕೈಯಿಂದ."

"ಯಾರಿಗೆ? ಏನು?"

"ಅದು ಹೇಳಕ್ಕಾಗಲ್ಲ."

"ನಂಗೂನಾ?"

ಟೇಬಲಕ್ಕನಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಮನೆಯಲ್ಲಿ ಬಚ್ಚಿಟ್ಟ ಮಾತು ಅಂತ ಒಂದೂ ಇರಲಿಲ್ಲ. ದಿನಾ ಸಂಜೆ ಯಾರ ಬ್ಯಾಗಿನಲ್ಲಿ ಏನಿತ್ತು ಅನ್ನುವುದನ್ನು ಉಪ್ಪು ಖಾರ ಹಚ್ಚಿ ಹೇಳುವುದು, ಅತ್ತೆ ಬಾಯಿಗೆ ಸೆರಗು ಹಿಡಿದು ನಗುವುದು, ಅದೇ ಇಬ್ಬರ ಊಟಕ್ಕೆ ಜೊತೆ. ಒಂದು ಮಾತು ಹೇಳಿದರೆ ಅತ್ತೆಯ ಮನಸ್ಸು ಕರಗುತ್ತಿತ್ತು, ಅಯ್ಯೋ ಪಾಪ ಅನ್ನುತ್ತಿದ್ದರು. ಅಯ್ಯೋ ಪಾಪ ಅನ್ನುವುದೇ ಆ ಮೇಡಂಗೆ ಬೇಡವಾಗಿದ್ದದ್ದು.

"ನಿಮಗೂನೂ," ಅಂದಳು.

ಅತ್ತೆ ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸಿದರು. "ಕದ್ದು ಸಿಕ್ಕಿಬಿದ್ಲು ಅಂತಾರೆ ಕಣೇ ಜನ. ಯಾರದೋ ಬ್ಯಾಗಿಗೆ ಕೈ ಹಾಕಿದ್ಲು, ಅದಕ್ಕೇ ತೆಗೆದುಹಾಕಿದ್ರು ಅಂತಾರೆ. ನಾನೇನು ಹೇಳ್ಲಿ?"

"ಸೊಸೆ ಹೇಳಲಿಲ್ಲ ಅನ್ನಿ."

"ಅಂತೀನಿ. ನಂಬ್ತಾರೆ ನೋಡು!" ಅಂತ ಅತ್ತೆ ಬಟ್ಟೆಯ ಅಡಕಲು ಎತ್ತಿಕೊಂಡು ಒಳಗೆ ಹೋದರು. ಆ ರಾತ್ರಿಯ ಊಟ ಮಾತಿಲ್ಲದೆ ಮುಗಿಯಿತು.

ಅತ್ತೆ ಹೇಳಿದ್ದು ಸುಳ್ಳಾಗಲಿಲ್ಲ. ಮುಂದಿನ ವಾರ ಹೊಸ ಕಂತಿನ ಬದಲು ಮೊದಲ ಕಂತನ್ನೇ ಮತ್ತೆ ಹಾಕಿದರು. ಗೊತ್ತಿಲ್ಲದೆ ಬಂದು ಕೂತಿದ್ದ ಪಕ್ಕದ ಮನೆಯ ಹೆಂಗಸರು ನೋಡಿದ್ದು, ತಪಾಸಣೆಯ ಮೇಜಿನ ಹಿಂದೆ ಅಲ್ಲಾಡುವ ಒಂದು ಬೂದು ಮಚ್ಚೆ. ಮಚ್ಚೆಗೆ ಕೈಗಳಿದ್ದವು, ಎಂಟು ಜೊತೆ ಚಪ್ಪಲಿ ಎತ್ತಿ ಹಿಡಿದಿದ್ದವು. ಮಾತಿನ ಜಾಗದಲ್ಲಿ ಬರೀ ಸಂಗೀತ.

"ಇದೇನಜ್ಜೀ, ಕಳ್ಳರ ಮುಖ ತಾನೇ ಹೀಗೆ ಮಾಡೋದು?" ಅಂದಳು ಒಬ್ಬಳು. ಇನ್ನೊಬ್ಬಳು ಅವಳ ತೊಡೆ ಚಿವುಟಿದಳು. ಟೇಬಲಕ್ಕ ಬಾಗಿಲ ಬಳಿಯೇ ನಿಂತಿದ್ದಳು. ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕಳ್ಳರು ಮುಖ ತೋರಿಸಿಕೊಂಡೇ ಓಡಾಡ್ತಾರಮ್ಮ ಈ ಕಾಲದಲ್ಲಿ," ಅಂದರು. ಅಷ್ಟೆ. ಸೊಸೆಯ ಕಡೆ ತಿರುಗಲಿಲ್ಲ, ಆಮೇಲೂ ಎಷ್ಟೋ ದಿನ ಸರಿಯಾಗಿ ಮಾತಾಡಲಿಲ್ಲ.

ಕಂತುಗಳು ಬಂದವು, ಹೋದವು. ಟೇಬಲಕ್ಕ ಒಂದನ್ನೂ ಬಿಡದೆ, ಎದೆ ಹಿಡಿದುಕೊಂಡು ನೋಡಿದಳು. ನೀಲಿ ಜಾಕೆಟ್ಟು ಎಲ್ಲೂ ಕಾಣಲಿಲ್ಲ. ಕೊನೆಯ ಕಂತು ಮುಗಿದ ದಿನ ಟೀವಿ ಆರಿಸಿ, ತುಂಬಾ ಹೊತ್ತು ಕತ್ತಲ ಪರದೆಯ ಮುಂದೆ ಕೂತಿದ್ದಳು. ಜಾಕೆಟ್ಟಿನ ಮೇಲಿದ್ದ ಹೆಸರು ಮರೆತುಹೋಗಿತ್ತು. ಆ ಕ್ಲಬ್ಬು ಯಾವ ಊರಿನದು, ಮೇಡಂ ಈಗ ನೀರಿನಲ್ಲಿದ್ದಾರೋ ಕುರ್ಚಿಯಲ್ಲೋ, ಅದನ್ನು ತಿಳಿಯುವ ದಾರಿ ಅವಳಿಗಿರಲಿಲ್ಲ. ಜನ ಮೆಚ್ಚಿದ್ದರಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಟೀವಿಯವರು ಎರಡನೇ ಸುತ್ತಿಗೆ ಮತ್ತೆ ಬಂದರು. ಮೇಜಿನ ಹಿಂದೆ ಈಗ ಬೇರೆ ಒಬ್ಬಳು, ಚುರುಕಾದವಳು.

ಟೇಬಲಕ್ಕನನ್ನು ಹಾಕಿದ್ದು ಹೆಂಗಸರ ಮೈ ತಪಾಸಣೆಗೆ. ಲೋಹ ಹುಡುಕುವ ಬಾಗಿಲು ದಾಟುವಾಗ ಸದ್ದಾದವರನ್ನು ಕರೆದುಕೊಂಡು ಹೋಗಿ ನೋಡುವ, ಮೂರಡಿ ಅಗಲದ ಮರೆ. ಒಂದು ಸ್ಟೂಲು, ಒಂದು ಕೊಕ್ಕೆ, ಮುಂದೆ ಕಂಬಿಗೆ ತೂಗುಬಿಟ್ಟ ಬೂದು ಪರದೆ. ಪರದೆ ಕಂಬಿಗಿಂತ ಗಿಡ್ಡ. ಎಷ್ಟು ಎಳೆದರೂ ಒಂದು ಕಡೆ ನಾಲ್ಕು ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಬದಲಾಯಿಸಿ ಅಂತ ಎರಡು ಸಲ ಬರೆದುಕೊಟ್ಟಿದ್ದಳು.

ಅವತ್ತು ಮಧ್ಯಾಹ್ನ ಒಳಗೆ ಬಂದವಳು ಇಪ್ಪತ್ತೈದರ ಆಸುಪಾಸಿನ ತೆಳ್ಳನೆ ಹೆಂಗಸು. ಸ್ವೆಟರನ್ನು ಎರಡೂ ಕೈಯಿಂದ ಹೊಟ್ಟೆಯ ಹತ್ತಿರ ಒತ್ತಿ ಹಿಡಿದಿದ್ದಳು. ಹೊರಗೆ, ಹತ್ತು ಹೆಜ್ಜೆ ದೂರದಲ್ಲಿ, ಕ್ಯಾಮೆರಾದವನು ಮುಕ್ಕಾಲಿ ಊರಿ ದೀಪ ಹತ್ತಿಸುತ್ತಿದ್ದ.

"ಅವರು ಈ ಕಡೆ ನೋಡ್ತಿದಾರಾ?" ಅಂತ ಅವಳು ಪಿಸುಗುಟ್ಟಿದಳು.

ಟೇಬಲಕ್ಕ ಪರದೆ ಎಳೆದಳು. ಕೈಗವಸು ಹಾಕಿಕೊಂಡಳು. ಆಮೇಲೆ ಆ ಸಂದಿಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತಳು.

"ನಿಧಾನಕ್ಕೆ ತೆಗಿಯಮ್ಮಾ," ಅಂದಳು. "ಅವಸರ ಇಲ್ಲ."

ಹೊರಗಿನ ಬಿಳಿ ದೀಪ ಅವಳ ಸಮವಸ್ತ್ರದ ಬೆನ್ನಿಗೆ ಬಡಿದು ನಿಂತಿತು. ಒಳಗಿನ ಅರೆಗತ್ತಲಿನಲ್ಲಿ ಆ ಹೆಂಗಸು ಒಂದು ಉಸಿರು ಬಿಟ್ಟು, ಸ್ವೆಟರಿನ ಮೇಲಿನ ಗುಂಡಿಗೆ ಕೈ ಹಾಕಿದಳು.